ಸೇನೆಯ ಹಳೇ ಜಿಪ್ಸಿಗಳ ನೇರ ಮಾರಾಟ ಬೇಡ

ಸಂಪಾದಕರಿಗೆ,

ಸೇನೆ ಕೈಬಿಡುವ ಮಾರುತಿ ಜಿಪ್ಸಿ ಜೀಪುಗಳನ್ನು ಗುಜರಿಗೆ ಹಾಕುವ ಬದಲು ಕಾಫಿ ಬೆಳೆಗಾರರಿಗೆ ಕಡಿಮೆ ಬೆಲೆಗೆ ನೇರವಾಗಿ ಮಾರಬೇಕೆಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ಸೇನೆಯ ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿ, ಈಗ ಸುಂಟಿಕೊಪ್ಪದ ಬಳಿ ತೋಟ ನೋಡಿಕೊಂಡಿದ್ದೇನೆ. ತೋಟದ ಏರುದಾರಿಗೆ ಜಿಪ್ಸಿಯಂಥ ಹಗುರ ಗಾಡಿ ಇನ್ನೊಂದಿಲ್ಲ, ಅದನ್ನು ಒಪ್ಪುತ್ತೇನೆ. ಆದರೂ ಈ ಬೇಡಿಕೆ ಅಪಾಯಕಾರಿ.

ದುರಸ್ತಿಗೆ ಹಾಕುವ ದುಡ್ಡು ಇನ್ನು ದಂಡ ಎನಿಸಿದಾಗಲೇ ಸೇನೆ ಒಂದು ಗಾಡಿಯನ್ನು ‘ಬಿಇಆರ್’ (ಬಿಯಾಂಡ್ ಎಕನಾಮಿಕಲ್ ರಿಪೇರ್) ಎಂದು ಬರೆದು ಪಕ್ಕಕ್ಕೆ ನಿಲ್ಲಿಸುವುದು. ನಿಂತ ಮೇಲೆ ಅದರಲ್ಲಿ ಉಳಿದ ಒಳ್ಳೆಯ ಬಿಡಿಭಾಗಗಳು ಓಡುತ್ತಿರುವ ಬೇರೆ ಗಾಡಿಗೆ ಹೋಗುತ್ತವೆ. ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ಇದೆಯೆಂದು ಖುಷಿಪಡುವವರಿಗೆ ಒಂದು ಮಾತು: ವೈರ್‌ಲೆಸ್ ಸೆಟ್‌ನ ಬ್ಯಾಟರಿ ಚಾರ್ಜ್ ಆಗಲೆಂದು ನಿಂತಲ್ಲೇ ಗಂಟೆಗಟ್ಟಲೆ ಓಡಿದ ಎಂಜಿನ್‌ನ ಸವೆತ ಯಾವ ಮೀಟರ್‌ನಲ್ಲೂ ದಾಖಲಾಗುವುದಿಲ್ಲ. ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ಚಾಸಿಗೆ ಬಿದ್ದ ಸಣ್ಣ ಬಿರುಕು ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ. ಕೆಳಗೆ ಮಲಗಿ ಬಣ್ಣ ಕೆರೆದು ನೋಡಿದವನಿಗೆ ಮಾತ್ರ ಅದು ಸಿಗುವುದು.

ಅಮೆರಿಕ ಈ ಪಾಠವನ್ನು ಎಂ151 ಜೀಪಿನಿಂದ ಕಲಿಯಿತು. ಫೋರ್ಡ್ ಕಂಪನಿ ರೂಪಿಸಿದ ಈ ಜೀಪು ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ನೆಚ್ಚಿನ ವಾಹನ. ನಾಲ್ಕೂ ಚಕ್ರಕ್ಕೆ ಬೇರೆಬೇರೆ ಸಸ್ಪೆನ್ಷನ್ ಇದ್ದುದರಿಂದ ಹಳ್ಳದಿಣ್ಣೆಯಲ್ಲಿ ಸೊಗಸಾಗಿ ಓಡುತ್ತಿತ್ತು. ಟಾರು ರಸ್ತೆಯ ತಿರುವಿನಲ್ಲಿ ವೇಗವಾಗಿ ತಿರುಗಿಸಿದರೆ ಮಾತ್ರ ಹಿಂದಿನ ಚಕ್ರ ಒಳಗೆ ಮಡಚಿಕೊಂಡು ಗಾಡಿ ಮಗುಚುತ್ತಿತ್ತು. ಹಿಂದೆ ಭಾರವಿಲ್ಲದಾಗ ಅಪಾಯ ಹೆಚ್ಚು. ಹಾಗಾಗಿ ಮದ್ದುಗುಂಡಿನ ಖಾಲಿ ಪೆಟ್ಟಿಗೆಗೆ ಮರಳು ತುಂಬಿ ಹಿಂಬದಿಯಲ್ಲಿ ಇಟ್ಟುಕೊಂಡೇ ಚಾಲಕರು ಓಡಿಸುತ್ತಿದ್ದರು. 1970ರಲ್ಲಿ ಬಂದ ಎಂ151ಎ2 ಮಾದರಿಯಲ್ಲಿ ಹಿಂದಿನ ಸಸ್ಪೆನ್ಷನ್ ಬದಲಾಯಿತು. ಮಗುಚಿದರೆ ತಲೆ ಉಳಿಯಲೆಂದು ಕಬ್ಬಿಣದ ಚೌಕಟ್ಟು ಕೂರಿಸಿದ್ದು 1980ರ ದಶಕದ ಕೊನೆಯ ಹೊತ್ತಿಗೆ. ಹೆದ್ದಾರಿಗೆ ಇದು ಸುರಕ್ಷಿತವಲ್ಲವೆಂದು ಅಲ್ಲಿನ ಸರ್ಕಾರ ತೀರ್ಮಾನಿಸಿ, ಕತ್ತರಿಸಿ ತುಂಡು ಮಾಡಿಯೇ ಗುಜರಿಗೆ ಕೊಟ್ಟಿತು. ಎರಡು ತುಂಡುಗಳನ್ನು ಬೆಸುಗೆ ಹಾಕಿ ಓಡಿಸುವವರು ಹುಟ್ಟಿಕೊಂಡಾಗ ನಾಲ್ಕು ತುಂಡು ಮಾಡಿತು. ತರಬೇತಾದ ಸೈನಿಕನ ಕೈಯಲ್ಲೇ ಮಗುಚಿದ ಗಾಡಿಯನ್ನು ಸಂಸಾರಸ್ಥನಿಗೆ ಮಾರದಿರುವುದು ಕ್ರೌರ್ಯವಲ್ಲ, ಕಾಳಜಿ. ಎಂ151ರ ನಂತರ ಬಂದ ಹಮ್‌ವೀ ಸೇನಾ ವಾಹನಗಳನ್ನೂ ಅಮೆರಿಕ 2014ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಹರಾಜಿಗೆ ಇಟ್ಟಾಗ ರಸ್ತೆಯಲ್ಲಿ ಓಡಿಸುವಂತಿಲ್ಲ ಎಂಬ ಷರತ್ತು ಹಾಕಿಯೇ ಇಟ್ಟಿತು.

ನಮ್ಮ ಜಿಪ್ಸಿ ಎಂ151ರಷ್ಟು ಕೆಟ್ಟದ್ದಲ್ಲ. ಆದರೆ ಎಬಿಎಸ್, ಏರ್‌ಬ್ಯಾಗ್ ಮುಂತಾದ ಹೊಸ ಸುರಕ್ಷತಾ ನಿಯಮಗಳು ಬಂದಾಗ 2019ರಲ್ಲಿ ಮಾರುತಿ ಅದನ್ನು ಸಾರ್ವಜನಿಕರಿಗೆ ಮಾರುವುದನ್ನೇ ನಿಲ್ಲಿಸಿತು. ಸೇನೆಗೆ ಮಾತ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಹೊಸ ಜಿಪ್ಸಿಯೇ ಜನರಿಗೆ ಸಿಗದಿರುವಾಗ, ಸೇನೆಯಲ್ಲಿ ದುಡಿದು ದಣಿದದ್ದನ್ನು ಕೊಡಿ ಎಂದು ಕೇಳುವುದು ಯಾವ ನ್ಯಾಯ?

ಇನ್ನೊಂದು ಕಾರಣ ಭದ್ರತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ. 2001ರ ಡಿಸೆಂಬರ್ 13ರಂದು ಸಂಸತ್ತಿನ ಆವರಣಕ್ಕೆ ನುಗ್ಗಿದ ಉಗ್ರರ ಬಿಳಿ ಅಂಬಾಸಿಡರ್‌ಗೆ ಕೆಂಪು ದೀಪವೂ ಗೃಹ ಸಚಿವಾಲಯದ ಸ್ಟಿಕ್ಕರೂ ಇದ್ದವು. ಅಷ್ಟರಿಂದಲೇ ಒಳಗೆ ಹೋಗಲು ಸಾಧ್ಯವಾಯಿತು ಎಂದಮೇಲೆ, ಸೇನೆಯ ಬಣ್ಣ ಹೊತ್ತ ಜಿಪ್ಸಿಯನ್ನು ನಮ್ಮ ಚೆಕ್‌ಪೋಸ್ಟ್‌ನಲ್ಲಿ ಯಾರು ತಡೆಯುತ್ತಾರೆ? ಕೊಡಗಿನಲ್ಲಿ ಮನೆಗೊಬ್ಬ ಸೈನಿಕನಿರುವಾಗ ಆ ಬಣ್ಣ ಕಂಡರೆ ಕೈ ತಾನಾಗಿ ಸೆಲ್ಯೂಟ್‌ಗೆ ಏಳುತ್ತದೆ.

ಈಗಲೂ ಸೇನೆಯ ಗಾಡಿಗಳು ಕೇಂದ್ರ ಸರ್ಕಾರದ ಸಂಸ್ಥೆಯಾದ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಲಾಟ್‌ಗಟ್ಟಲೆ ವ್ಯಾಪಾರಿಗಳ ಕೈಸೇರಿ, ರಿಪೇರಿಯಾಗಿ ‘ಆರ್ಮಿ ಗಾಡಿ’ ಎಂಬ ಹೆಸರಿನಲ್ಲಿ ನಮ್ಮೂರಿಗೂ ಬರುತ್ತವೆ. ಸೇನೆಯಿಂದ ಹೊರಬಂದ ವಾಹನಕ್ಕೆ ಆರ್‌ಟಿಒದಲ್ಲಿ ಹೊಸದಾಗಿ ನೋಂದಣಿ ಆಗಲೇಬೇಕು. ಆ ಹೊತ್ತಿನಲ್ಲಿ ಕಾಗದದ ಜೊತೆಗೆ ಗಾಡಿಯನ್ನು ಎತ್ತಿಸಿ ಚಾಸಿ, ಬ್ರೇಕ್ ಪೈಪ್, ಸ್ಟೀರಿಂಗ್ ಮೂರನ್ನೂ ನೋಡುವಂತೆ ಸಾರಿಗೆ ಇಲಾಖೆ ಆದೇಶ ಹೊರಡಿಸಬೇಕು. ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟದ ಕಡಿದಾದ ದಾರಿಯಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುವ ಜೀಪುಗಳ ನಡುವೆ ಇಂಥ ಒಂದು ಗಾಡಿ ಸೇರಿಕೊಂಡರೂ ಸಾಕು, ಅನಾಹುತಕ್ಕೆ.

ಕಬ್ಬಿಣ ವ್ಯರ್ಥವಾಗುತ್ತದೆಂಬ ಓದುಗರ ಸಂಕಟ ನನಗೂ ಅರ್ಥವಾಗುತ್ತದೆ. ಅದಕ್ಕೊಂದು ದಾರಿಯಿದೆ. ರಸ್ತೆಗಿಳಿಯದಂತೆ ನೋಂದಣಿ ರದ್ದುಪಡಿಸಿದ ಗಾಡಿಗಳನ್ನು ಜಿಲ್ಲೆಯ ಐಟಿಐಗಳಿಗೆ ಕೊಡಿಸಲಿ. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಲು ನಮ್ಮ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಸಾಮಾನು ಸಿಗದು. ನಮ್ಮ ಶಾಸಕರು, ಸಂಸದರು ರಕ್ಷಣಾ ಸಚಿವಾಲಯದ ಮುಂದೆ ಈ ಬೇಡಿಕೆ ಇಡಲಿ. ಕಲಿಸಲು ಕರೆದರೆ ನಾನು ಸಂಬಳವಿಲ್ಲದೆ ಬರುತ್ತೇನೆ.

– ನಿವೃತ್ತ ಹವಾಲ್ದಾರ್, ಇಎಂಇ
ಸುಂಟಿಕೊಪ್ಪ, ಕೊಡಗು