ಟ್ಯಾಂಕ್ ಪೆಟ್ಟಿಗೆ, ಸ್ಟಾರ್ಟರ್ ಪೆಟ್ಟಿಗೆಯ ಬೋರ್ಡ್ ಬದಲಾವಣೆ: ಗ್ರಾಹಕರಿಗೆ ಪತ್ರ

ಮಂಡ್ಯ

ಮಾನ್ಯ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ನಮ್ಮ ಸಂಘದಿಂದ ವೈರ್‌ಲೆಸ್ ಮೋಟರ್ ಕಂಟ್ರೋಲ್ ಹಾಕಿಸಿಕೊಂಡಿರುವ ಎಲ್ಲರ ಪೆಟ್ಟಿಗೆಗಳಲ್ಲೂ ಈ ತಿಂಗಳಿಂದ ಒಳಗಿನ ಬೋರ್ಡ್ ಬದಲಾಯಿಸುತ್ತಿದ್ದೇವೆ. ತೊಟ್ಟಿಯ ಮೇಲಿನ ಟ್ಯಾಂಕ್ ಪೆಟ್ಟಿಗೆ ನೀರು ಎಷ್ಟಿದೆ ಅಂತ ರೇಡಿಯೋದಲ್ಲಿ ಹೇಳುತ್ತದೆ, ಪಂಪ್‌ಮನೆಯ ಸ್ಟಾರ್ಟರ್ ಪೆಟ್ಟಿಗೆ ಅದನ್ನು ಕೇಳಿ ಮೋಟರ್ ಓಡಿಸುತ್ತದೆ, ನಿಲ್ಲಿಸುತ್ತದೆ; ಬದಲಾಗುವುದು ಇವೆರಡರ ಒಳಗಿನ ಬೋರ್ಡ್. ನೀವು ದುಡ್ಡು ಕೊಡಬೇಕಾಗಿಲ್ಲ. ಆದರೆ ಹೊಸ ಬೋರ್ಡಿನ ರೀತಿನೀತಿ ಬೇರೆ. ಹೇಳದೆ ಹಾಕಿಹೋದರೆ ಮಾರನೇ ದಿನವೇ "ಕೆಟ್ಟುಹೋಗಿದೆ, ಬನ್ನಿ" ಅಂತ ಫೋನ್ ಬರುತ್ತದೆ. ಅದಕ್ಕೇ ಈ ಕಾಗದ.

ಕಳೆದ ಯುಗಾದಿ ಆದ ವಾರ ಪಾಂಡವಪುರ ಕಡೆಯ ಸದಸ್ಯರೊಬ್ಬರ ತೊಟ್ಟಿ ರಾತ್ರಿ ಕರೆಂಟ್ ಇದ್ದಷ್ಟು ಹೊತ್ತೂ ತುಂಬಿ ಹರಿದು, ಪಕ್ಕದವರ ಟೊಮೇಟೊ ಸಸಿಮಡಿ ಕೊಚ್ಚಿಹೋಯಿತು. ಬೆಳಿಗ್ಗೆ ನಮ್ಮ ಹುಡುಗ ಹೋಗಿ ನೋಡಿದರೆ ಎಲ್ಲ ಸರಿಯಾಗಿದೆ! ನೀರಿನ ಮಟ್ಟ ತಿಳಿಸುವ ಫ್ಲೋಟ್ ಎತ್ತಿದರೆ ಮೋಟರ್ ನಿಲ್ಲುತ್ತೆ, ಇಳಿಸಿದರೆ ಓಡುತ್ತೆ. ಆಂಟೆನಾ ಬಿಗಿ ಮಾಡಿ ಬಂದ. ಎರಡು ತಿಂಗಳು ಕಳೆದ ಮೇಲೆ ಮತ್ತೆ ಅದೇ ಕಥೆ. ಸದಸ್ಯರಿಂದ ಬೈಸಿಕೊಂಡೆವು. ಅವರು ಬೈದದ್ದು ನ್ಯಾಯವೇ.

ಹುಡುಕುತ್ತಾ ಹೋದಾಗ ಗೊತ್ತಾದದ್ದು, ಪಕ್ಕದ ಜಮೀನಿನವರೂ ನಮ್ಮದೇ ಪೆಟ್ಟಿಗೆ ಹಾಕಿಸಿಕೊಂಡಿದ್ದಾರೆ ಎಂದು. ಎರಡೂ ಟ್ಯಾಂಕ್ ಪೆಟ್ಟಿಗೆಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, 30 ಸೆಕೆಂಡಿಗೊಮ್ಮೆ, ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಮಾತಾಡುತ್ತವೆ. ಇಷ್ಟು ಚಿಕ್ಕ ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಅಪರೂಪ ಅಂತ ನಾವು ಲೆಕ್ಕ ಹಾಕಿದ್ದೆವು. ಅಪರೂಪ ನಿಜ. ಒಮ್ಮೆ ಹೊಡೆದರೆ ಬಿಡಿಸಿಕೊಳ್ಳುವುದಿಲ್ಲ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ. ಎರಡರ ಗಡಿಯಾರವೂ ಒಂದೇ ಜಾತಿಯ ಕ್ವಾರ್ಟ್ಜ್ ಹರಳಿನಿಂದ ನಡೆಯುವಂಥದ್ದು. ಅವುಗಳ ವೇಗದಲ್ಲಿ ಹತ್ತು ಲಕ್ಷಕ್ಕೆ ಐದು ಪಾಲು ವ್ಯತ್ಯಾಸ ಅಂತ ಇಟ್ಟುಕೊಳ್ಳಿ, ಒಂದರ ಅಂಚು ಇನ್ನೊಂದಕ್ಕೆ ತಗುಲಿದ ಹೊತ್ತಿನಿಂದ ಮಾತುಗಳು ಪೂರ್ತಿ ಬೇರೆಯಾಗಲು ಸುಮಾರು 11 ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೂ ಜೋಡೆತ್ತಿನ ಹಾಗೆ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಪ್ರತಿ ಸಲವೂ ಡಿಕ್ಕಿ. ತೊಟ್ಟಿ ತುಂಬಿದ ಸುದ್ದಿ ಸ್ಟಾರ್ಟರ್ ಪೆಟ್ಟಿಗೆಗೆ ಮುಟ್ಟದೆ ಮೋಟರ್ ಓಡುತ್ತಲೇ ಇತ್ತು. ಹುಡುಗ ಬೈಕಿನಲ್ಲಿ ತಲುಪುವ ಹೊತ್ತಿಗೆ ಬೇರೆಯಾಗಿರುತ್ತಿದ್ದವು. ಮತ್ತೆ ಎದುರಾಗುವುದು ಇನ್ನು 70 ದಿನಕ್ಕೆ.

ಮಾತಾಡುವ ಹೊತ್ತನ್ನಷ್ಟೇ ಹಿಂದೆಮುಂದೆ ಮಾಡಿದರೆ ಸಾಲದೇ ಅಂತ ಒಬ್ಬರು ಕೇಳಿದರು. ಮಾಡಿ ನೋಡಿದೆವು. ನಮ್ಮ ಪೆಟ್ಟಿಗೆಗಳ ಗುದ್ದಾಟ ತಪ್ಪಿತು. ಆದರೆ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಈ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಯಂತ್ರಗಳಿಗೆ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು. ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಓದುವ ಯಂತ್ರಗಳು ಮಾತಾಡುವುದೂ ಇದರಲ್ಲೇ. ನಾವು ಕೂತ ಜಾಗದಲ್ಲೇ ಇನ್ಯಾವುದೋ ಯಂತ್ರ ಬಿಡದೆ ಕೂಗುತ್ತಿದ್ದರೆ ಹೊತ್ತು ಬದಲಾಯಿಸಿ ಏನು ಬಂತು? ಜಾಗವನ್ನೇ ಬದಲಾಯಿಸಬೇಕು.

ಹೊಸ ಬೋರ್ಡ್ ಮಾಡುವುದು ಅದನ್ನೇ. ಆ ಪಟ್ಟಿಯಲ್ಲಿ ಎಂಟು ಚಾನೆಲ್, ಅಂದರೆ ಎಂಟು ಬೇರೆ ಬೇರೆ ಫ್ರೀಕ್ವೆನ್ಸಿ, ಆರಿಸಿಕೊಂಡು, ಪ್ರತಿ 30 ಸೆಕೆಂಡಿಗೆ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಮೈಸೂರು ಆಕಾಶವಾಣಿ 100.6 ಬಿಟ್ಟು ಅಲುಗಾಡಿದರೆ ಕೇಳುಗರಿಗೆ ಸಿಗುವುದಿಲ್ಲ. ನಮ್ಮ ಪೆಟ್ಟಿಗೆಗೆ ಇರುವುದು ಒಬ್ಬನೇ ಕೇಳುಗ, ನಿಮ್ಮ ಪಂಪ್‌ಮನೆಯ ಸ್ಟಾರ್ಟರ್ ಪೆಟ್ಟಿಗೆ. ಮುಂದಿನ ಜಾಗ ಯಾವುದು ಅಂತ ಅದಕ್ಕೊಂದಕ್ಕೆ ಗೊತ್ತಿದ್ದರೆ ಸಾಕು. ಹಾರುವ ಸರದಿ ಒಂದೊಂದು ಜೋಡಿಗೂ ಬೇರೆ ಬೇರೆ. ಹಾಗಾಗಿ ಪಕ್ಕದವರ ಪೆಟ್ಟಿಗೆ ಒಂದು ಸಲ ಡಿಕ್ಕಿ ಹೊಡೆದರೂ ಮುಂದಿನ ಸಲ ಬಹುಪಾಲು ಬೇರೆ ಕಡೆ ಇರುತ್ತದೆ. ನಿಮ್ಮ ಜೇಬಿನ ಮೊಬೈಲಿನ ಬ್ಲೂಟೂತ್‌ನದೂ ಇದೇ ಉಪಾಯ. ಹಾಡು ಕೇಳುವಾಗ ಅದು 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲದವರೆಗೂ ಹಾರುತ್ತದೆ. ನಮಗೆ ಅಷ್ಟು ಅವಸರವಿಲ್ಲ, ತೊಟ್ಟಿ ನಿಧಾನವಾಗೇ ತುಂಬೋದು.

ನಮ್ಮನ್ನು ಹೆಚ್ಚು ಕಾಡಿದ್ದು ಗಡಿಯಾರ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರಬೇಕಾದರೆ ಇಬ್ಬರ ಗಡಿಯಾರವೂ ಒಪ್ಪಬೇಕು. ಟ್ಯಾಂಕ್ ಮೇಲಿನ ಪೆಟ್ಟಿಗೆ ಏಪ್ರಿಲ್ ಬಿಸಿಲಿಗೆ 60 ಡಿಗ್ರಿ ಕಾದರೆ, ಒಳಗಿನ ಹರಳು ದಿನಕ್ಕೆ ಮೂರೂವರೆ ಸೆಕೆಂಡಿನ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಕರೆಂಟ್ ಇರುವಾಗ ಚಿಂತೆಯಿಲ್ಲ, ಪ್ರತಿ ಸಂದೇಶ ಬಂದಾಗಲೂ ಸ್ಟಾರ್ಟರ್ ಪೆಟ್ಟಿಗೆ ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ಆದರೆ ತ್ರೀ ಫೇಸ್ ಹೋದ ಕೂಡಲೇ ಅದು ಮಲಗುತ್ತದಲ್ಲ? ಅದಕ್ಕಾಗಿ ಒಳಗೆ ನಾಣ್ಯದ ಆಕಾರದ ಒಂದು ಸೆಲ್ ಕೂರಿಸಿದ್ದೇವೆ. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡುತ್ತಿರುತ್ತದೆ. ಕರೆಂಟ್ ಬಂದ ಮೇಲೆ ಮೊದಲ ಸಂದೇಶಕ್ಕೆ ಮೂರು ಸೆಕೆಂಡ್ ಮುಂಚೆಯೇ ಕಿವಿ ತೆರೆದು, ಮೂರು ಸೆಕೆಂಡ್ ಹೆಚ್ಚಿಗೆ ಕಾಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಅರ್ಧ ನಿಮಿಷ, ಒಂದು ನಿಮಿಷದೊಳಗೆ ಜೋಡಿ ಕೂಡುತ್ತವೆ.

ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೆ, ಅಥವಾ ಆ ಸೆಲ್ ಮುಗಿದಿದ್ದರೆ, ಲೆಕ್ಕ ತಪ್ಪುತ್ತದೆ. ಆಗ ಸ್ಟಾರ್ಟರ್ ಪೆಟ್ಟಿಗೆ ಒಂದು ಚಾನೆಲ್‌ನಲ್ಲಿ ಕೂತು ಕಾಯುತ್ತದೆ. ಟ್ಯಾಂಕ್ ಪೆಟ್ಟಿಗೆ ಎಂಟನ್ನೂ ಸುತ್ತಿ ಅಲ್ಲಿಗೆ ಬರಲು ಹೆಚ್ಚೆಂದರೆ 4 ನಿಮಿಷ. ಆ ಚಾನೆಲ್‌ನಲ್ಲೇ ಗಲಾಟೆ ಇದ್ದರೆ ಇನ್ನೊಂದು ಸುತ್ತು, ಅಂದರೆ 8 ನಿಮಿಷ. ದಯವಿಟ್ಟು ಅಷ್ಟು ಹೊತ್ತು ಮೇನ್ ಸ್ವಿಚ್ ಆಫ್ ಆನ್ ಮಾಡಬೇಡಿ. ಮಾಡಿದಷ್ಟು ಸಲವೂ ಹುಡುಕಾಟ ಮೊದಲಿನಿಂದ ಶುರು.

ಇನ್ನೊಂದು ಬದಲಾವಣೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹಳೆಯ ಬೋರ್ಡ್ ಸಂದೇಶ ಬಾರದಿದ್ದರೆ ಕೊನೆಯ ಮಾತನ್ನೇ ನಂಬಿಕೊಂಡು ಮೋಟರ್ ಓಡಿಸುತ್ತಿತ್ತು. ಹೊಸದು ನಾಲ್ಕು ಸಲ, ಅಂದರೆ ಎರಡು ನಿಮಿಷ, ಸುದ್ದಿ ಸಿಗದಿದ್ದರೆ ಮೋಟರ್ ನಿಲ್ಲಿಸುತ್ತದೆ. ಕರೆಂಟ್ ಇರುವ ಹೊತ್ತಿನಲ್ಲಿ ಮೋಟರ್ ನಿಂತರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಇನ್ನೊಬ್ಬರ ಸಸಿಮಡಿ ಕೊಚ್ಚಿಹೋಗುವುದಕ್ಕಿಂತ ಇದು ಮೇಲು ಅಂತ ಸಭೆಯಲ್ಲಿ ತೀರ್ಮಾನ ಮಾಡಿದೆವು. ಸ್ಟಾರ್ಟರ್‌ನ ಹಸಿರು ಬಟನ್ ಮೊದಲಿನಂತೆ ನಿಮ್ಮ ಕೈಯಲ್ಲೇ ಇದೆ.

ಸ್ಟಾರ್ಟರ್ ಪೆಟ್ಟಿಗೆಯ ದೀಪವೂ ಬದಲಾಗಿದೆ. ಮೊದಲು ಸದಾ ಉರಿಯುತ್ತಿತ್ತು. ಈಗ ಸಂದೇಶ ಬಂದಾಗ ಒಮ್ಮೆ ಮಿಣಕ್ ಅನ್ನುತ್ತದೆ, ಅಷ್ಟೇ.

ಕಬ್ಬಿನವರಿಗೆ ಒಂದು ಮಾತು. ಹಾರುವ ಬೋರ್ಡ್ ಡಿಕ್ಕಿಗೆ ಮದ್ದೇ ಹೊರತು ಕಬ್ಬಿಗೆ ಅಲ್ಲ. ಆಳೆತ್ತರ ಮೀರಿದ ಕಬ್ಬು, ಮಳೆಯಲ್ಲಿ ನೆಂದ ಸೋಗೆ, ಎಂಟೂ ಚಾನೆಲ್ ಅನ್ನು ಒಂದೇ ಸಮ ನುಂಗುತ್ತವೆ. ನಾಟಿ ಕಾಲದಲ್ಲಿ ಪಂಪ್‌ಮನೆ ಗೋಡೆಗೆ ಹೊಡೆದ ಆಂಟೆನಾ ಈಗ ಗರಿಗಳ ನಡುವೆ ಹೂತುಹೋಗಿದ್ದರೆ, ಒಂದು ಬಿದಿರು ಗಳಕ್ಕೆ ಕಟ್ಟಿ ಕಬ್ಬಿಗಿಂತ ಮೇಲೆತ್ತಿ.

ಹಳೆಯದೂ ಹೊಸದೂ ಒಂದಕ್ಕೊಂದು ಮಾತಾಡುವುದಿಲ್ಲ. ಅದಕ್ಕೆ ಎರಡೂ ಬೋರ್ಡ್ ಒಂದೇ ದಿನ ಬದಲಾಗಬೇಕು. ಮೊದಲು ಪಾಂಡವಪುರ, ಶ್ರೀರಂಗಪಟ್ಟಣ, ಆಮೇಲೆ ಮದ್ದೂರು, ಮಳವಳ್ಳಿ ಕಡೆ ಬರುತ್ತೇವೆ. ನಮ್ಮ ಹುಡುಗರು ಹಿಂದಿನ ದಿನ ಫೋನ್ ಮಾಡಿಯೇ ಬರುತ್ತಾರೆ. ಪಂಪ್‌ಮನೆ ಬೀಗದ ಕೈ ಮನೆಯಲ್ಲಿ ಬಿಟ್ಟಿರಿ, ಟ್ಯಾಂಕ್ ಹತ್ತಲು ಏಣಿ ಇದ್ದರೆ ತೆಗೆದಿಡಿ. ನಮ್ಮ ಹುಡುಗರು ಬೈಕಿನಲ್ಲಿ ಏಣಿ ತರಲಾರರು.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ