ಸೇವ್ ಒತ್ತಿದ ಮೇಲೆ ನೆಟ್ ಹೋದರೆ: ಹೊಸ ಆವೃತ್ತಿಯ ಬಗ್ಗೆ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಹಲವು ಕೌಂಟರ್‌ಗಳಿಂದ ಒಂದೇ ಸರ್ವರ್‌ಗೆ ಬಿಲ್ ಹಾಕುವ ಅಂಗಡಿಗಳಿಗೆ ಈ ತಿಂಗಳ ಕೊನೆಯ ಭಾನುವಾರ ರಾತ್ರಿ ನಮ್ಮ ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿ ಬರುತ್ತದೆ. ಬಿಲ್ ಹಾಕುವ ಕ್ರಮ ಇದ್ದಂತೆಯೇ ಇದೆ. ನಡುವೆ ನೆಟ್ ಕಡಿದರೆ ಏನಾಗಬೇಕು ಎಂಬುದು ಮಾತ್ರ ಪೂರ್ತಿ ಬದಲಾಗಿದೆ.

ಸೇವ್ ಒತ್ತಿದ ಮೇಲೆ ನೆಟ್ ಹೋದರೆ, ಬಿಲ್ ಸರ್ವರ್ ತಲುಪದೇ ಇರಬಹುದು. ಅಥವಾ ಬಿಲ್ ದಾಖಲಾಗಿ, ‘ಆಯಿತು’ ಎಂಬ ಉತ್ತರವಷ್ಟೇ ವಾಪಸ್ ಬರದೇ ಇರಬಹುದು. ಕೌಂಟರಿನಲ್ಲಿ ಕೂತವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಎರಡನೆಯ ಸಂದರ್ಭದಲ್ಲಿ ಮತ್ತೆ ಬಿಲ್ ಹಾಕಿದರೆ ಸ್ಟಾಕ್ ಎರಡು ಸಲ ಕಳೆಯುತ್ತದೆ, ಜಿಎಸ್‌ಟಿ ಲೆಕ್ಕದಲ್ಲೂ ಅದೇ ಮಾರಾಟ ಎರಡು ಸಲ ಸೇರುತ್ತದೆ.

ಇನ್ನು ಮುಂದೆ ಪ್ರತಿ ಬಿಲ್‌ಗೂ ಕೌಂಟರೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಕಳಿಸುವ ಮೊದಲು ಬಿಲ್ಲನ್ನು ತನ್ನ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. 15 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಹಳೆಯ ಕನೆಕ್ಷನ್ ಬಿಟ್ಟು, ಹೊಸದು ತೆರೆದು, ಅದೇ ಸಂಖ್ಯೆಯೊಂದಿಗೆ ಮತ್ತೆ ಕಳಿಸುತ್ತದೆ. ಮೊದಲೇ ದಾಖಲಾಗಿದ್ದರೆ ಸರ್ವರ್ ಹಳೆಯ ಬಿಲ್ ನಂಬರನ್ನೇ ಹಿಂದಿರುಗಿಸುತ್ತದೆ. ‘ಬಿಲ್ ಇದೆಯೇ ಎಂದು ಮೊದಲು ವಿಚಾರಿಸಿ ಆಮೇಲೆ ಕಳಿಸಿದರೆ ಸಾಲದೇ?’ ಎಂದರೆ, ಸಾಲದು. ಮೊದಲನೆಯದು ಆ ಕ್ಷಣ ಇನ್ನೂ ದಾಖಲಾಗುತ್ತಿದ್ದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ, ಆಮೇಲೆ ಎರಡೂ ಸೇರಿಬಿಡುತ್ತವೆ. ಅದಕ್ಕಾಗಿಯೇ ಸರ್ವರಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟೇಬಲ್ಲಿನಲ್ಲಿ ಈ ಸಂಖ್ಯೆಗೆ ಯೂನಿಕ್ ಇಂಡೆಕ್ಸ್, ಅಂದರೆ ಒಂದೇ ಸಂಖ್ಯೆ ಎರಡು ಸಲ ದಾಖಲಾಗದಂತೆ ತಡೆ, ಹಾಕಿದ್ದೇವೆ. ಮೊದಲನೆಯದು ಇತ್ಯರ್ಥವಾಗುವವರೆಗೆ ಎರಡನೆಯದು ಕಾಯಲೇಬೇಕಾಗುತ್ತದೆ.

ಮರುಪ್ರಯತ್ನ 2, 4, 8 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತಾ ಕೊನೆಗೆ ನಿಮಿಷಕ್ಕೊಮ್ಮೆ ನಡೆಯುತ್ತದೆ. ನೆಟ್ ಬಂದ ಕೂಡಲೇ ಎಲ್ಲ ಕೌಂಟರ್‌ಗಳೂ ಒಟ್ಟಿಗೆ ಮುಗಿಬೀಳದಂತೆ ಈ ಅಂತರ ಕೌಂಟರಿನಿಂದ ಕೌಂಟರಿಗೆ ತುಸು ಬೇರೆ ಇರುತ್ತದೆ.

ಒಂದು ಕೌಂಟರಿನ ನೆಟ್ ಹೋದರೆ ಉಳಿದವೂ ಯಾಕೆ ನಿಲ್ಲುತ್ತವೆ ಎಂದು ಹಲವರು ಕೇಳಿದ್ದೀರಿ. ಜಿಎಸ್‌ಟಿ ಬಿಲ್ ನಂಬರ್ ಅನುಕ್ರಮವಾಗಿರಬೇಕು, ಹಾಗಾಗಿ ಒಂದು ಬಿಲ್ ಮುಗಿಯುವವರೆಗೆ ಡೇಟಾಬೇಸಿನಲ್ಲಿ ನಂಬರ್ ಕೊಡುವ ಸಾಲಿಗೆ ಲಾಕ್ ಬೀಳುತ್ತದೆ, ಅಂದರೆ ಬೇರೆ ಕೌಂಟರ್‌ಗಳು ಅಲ್ಲಿಂದ ನಂಬರ್ ಪಡೆಯಲು ಕಾಯಬೇಕು. ಹಳೆಯ ಆವೃತ್ತಿ ಮೊದಲು ನಂಬರ್ ಪಡೆದು, ಸಾಮಾನುಗಳನ್ನು ಒಂದೊಂದಾಗಿ ಕಳಿಸಿ, ಕೊನೆಗೆ ಕಮಿಟ್ (ಬಿಲ್ಲನ್ನು ಖಾಯಂ ದಾಖಲಿಸು ಎಂಬ ಆದೇಶ) ಕಳಿಸುತ್ತದೆ. ನಡುವೆ ಕೇಬಲ್ ಕಿತ್ತರೆ ಸರ್ವರ್‌ಗೆ ಯಾವ ಸೂಚನೆಯೂ ಹೋಗುವುದಿಲ್ಲ. ಅದು ಲಾಕ್ ಹಿಡಿದು ಕಮಿಟ್‌ಗಾಗಿ ಕಾಯುತ್ತಲೇ ಇರುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ, ಆಚೆ ತುದಿ ಜೀವಂತವಿದೆಯೇ ಎಂದು ನೋಡುವ ಕೀಪ್‌ಅಲೈವ್ ಶುರುವಾಗುವುದೇ 7200 ಸೆಕೆಂಡ್, ಅಂದರೆ ಎರಡು ಗಂಟೆ ಕಳೆದ ಮೇಲೆ.

ಹೊಸ ಆವೃತ್ತಿಯಲ್ಲಿ ಇಡೀ ಬಿಲ್ ಒಂದೇ ಸಲ ಹೋಗುತ್ತದೆ. ನಂಬರ್, ಸ್ಟಾಕ್, ಕಮಿಟ್ ಎಲ್ಲ ಸರ್ವರಿನ ಒಳಗೇ ಮುಗಿಯುವುದರಿಂದ ಲಾಕ್ ನೆಟ್ಟಿಗಾಗಿ ಕಾಯುವ ಪ್ರಸಂಗವೇ ಇಲ್ಲ. ಜೊತೆಗೆ ಕೀಪ್‌ಅಲೈವ್ ಅನ್ನು 60 ಸೆಕೆಂಡಿಗೆ ಇಳಿಸಿದ್ದೇವೆ. ನಂತರ 10 ಸೆಕೆಂಡಿಗೊಂದರಂತೆ ಮೂರು ಸಲ ಉತ್ತರ ಬಾರದಿದ್ದರೆ, ಒಟ್ಟು ಸುಮಾರು 90 ಸೆಕೆಂಡಿನಲ್ಲಿ, ಸತ್ತ ಕನೆಕ್ಷನ್ ತೆರವಾಗುತ್ತದೆ. ಸುಮ್ಮನಿರುವ ಕನೆಕ್ಷನ್ನನ್ನು ಬೇಗ ಕಡಿದುಹಾಕುವ ಡಾಂಗಲ್, ರೌಟರ್‌ಗಳಿರುವ ಕಡೆಯೂ ಇದರಿಂದ ಅನುಕೂಲ.

ಬಿಲ್ ಮೇಲೆ ‘ಖಚಿತವಾಗಿಲ್ಲ’ ಎಂಬ ಹಳದಿ ಪಟ್ಟಿ ಕಂಡರೆ ಅದನ್ನು ದಯವಿಟ್ಟು ಮತ್ತೆ ಹಾಕಬೇಡಿ. ತಾತ್ಕಾಲಿಕ ಚೀಟಿ ಕೊಟ್ಟು ಮುಂದಿನ ಗಿರಾಕಿಯನ್ನು ನೋಡಿಕೊಳ್ಳಿ. ಚೀಟಿ ಜಿಎಸ್‌ಟಿ ಬಿಲ್ ಅಲ್ಲ. ಪಟ್ಟಿ ಹಸಿರಾದ ಮೇಲೆ ಅಸಲಿ ಬಿಲ್ ಪ್ರಿಂಟ್ ಮಾಡಿ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೂ ಹಳದಿ ಬಿಲ್ ಡಿಸ್ಕಿನಲ್ಲಿ ಇರುತ್ತದೆ. ಆದರೆ ಹಳದಿ ಬಿಲ್ ಬಾಕಿ ಇರುವಾಗ ಆ ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡಲೇಬೇಡಿ. ದಿನದ ಲೆಕ್ಕ ಮುಗಿಸುವುದಕ್ಕೂ ಬಾಕಿ ಸೊನ್ನೆಗೆ ಬಂದಿರಬೇಕು.

ಒಂದು ಅಂಗಡಿಯ ಎಲ್ಲ ಕೌಂಟರ್‌ಗಳನ್ನೂ ಅದೇ ರಾತ್ರಿ ಅಪ್‌ಡೇಟ್ ಮಾಡಿ. ಹಳೆಯದು ಒಂದೇ ಉಳಿದರೂ ಅದರ ಲಾಕ್ ಎಲ್ಲರನ್ನೂ ನಿಲ್ಲಿಸಬಲ್ಲದು. ಬೆಳಿಗ್ಗೆ ಅಭ್ಯಾಸ ಮೋಡ್‌ನಲ್ಲಿ ಒಂದು ಬಿಲ್ ಹಾಕಿ, ಸೇವ್ ಒತ್ತಿದ ತಕ್ಷಣ ನೆಟ್ ಕೇಬಲ್ ಕೀಳಿ. 30 ಸೆಕೆಂಡ್ ಬಿಟ್ಟು ಸಿಕ್ಕಿಸಿ, ಪಟ್ಟಿ ಹಸಿರಾಗುವವರೆಗೆ ಕಾಯಿರಿ. ವರದಿಯಲ್ಲಿ ಆ ಬಿಲ್ ಒಂದೇ ಸಲ ಕಾಣಬೇಕು. ಎರಡು ಕಂಡರೆ ವ್ಯಾಪಾರ ಶುರು ಮಾಡುವ ಮೊದಲೇ ನಮಗೆ ಫೋನ್ ಮಾಡಿ.

ಇಂತಿ,
ತಂತ್ರಾಂಶ ಮತ್ತು ಸೇವಾ ವಿಭಾಗ