ಚೌಡಿ ಕೇಳ್ತಿರ್ತಾಳೆ

ಸಿಯಾಟಲ್, ಅಕ್ಟೋಬರ್ ಕೊನೆ ವಾರ

ಪ್ರೀತಿಯ ಆಯಿ, ಅಪ್ಪ,

ಫೋನಲ್ಲಿ ಹೇಳಕ್ಕೆ ಹೋದ್ರೆ ಅರ್ಧಕ್ಕೇ ಅತ್ತುಬಿಡ್ತೀನಿ ಅಂತ ಗೊತ್ತು, ಅದಕ್ಕೇ ಬರೀತಾ ಇದೀನಿ. ಅಪ್ಪನ ಕನ್ನಡಕ ಇನ್ನೂ ಸರಿಯಾಗಿಲ್ವಂತಲ್ಲ, ತಂಗಿ ಹತ್ರ ಓದಿಸ್ಕೊಳ್ಳಿ.

ಹೋದ ಶನಿವಾರ ಒಬ್ಬಳೇ ಒಂದು ಕಾಡಿಗೆ ಹೋಗಿದ್ದೆ. ಹೋ ಅಂತ ಹೆಸರು, ಒಲಿಂಪಿಕ್ ನ್ಯಾಷನಲ್ ಪಾರ್ಕ್ ಒಳಗೆ ಬರುತ್ತೆ, ಇಲ್ಲಿಂದ ಕಾರಲ್ಲಿ ನಾಲ್ಕು ತಾಸು. ವರ್ಷಕ್ಕೆ ಸುಮಾರು 140 ಇಂಚು ಮಳೆ (ಅಪ್ಪಂಗೆ ಇಂಚಲ್ಲಿ ಹೇಳಿದ್ರೇ ಅಂದಾಜಾಗೋದು), ಆದ್ರೆ ನಮ್ಮಲ್ಲಿ ಹಾಗೆ ಜೂನಲ್ಲಿ ಅಲ್ಲ, ಇಲ್ಲಿ ಚಳಿಗಾಲನೇ ಮಳೆಗಾಲ. ಮರದ ಮೈಯೆಲ್ಲ ಪಾಚಿ, ಕೊಂಬೆ ಮೇಲೆ ಒದ್ದೆ ಕಂಬಳಿ ಹರವಿದ ಹಾಗೆ. ಉಂಬಳ ಒಂದಿಲ್ಲ, ಬಾಕಿ ಎಲ್ಲ ಶ್ರಾವಣದಲ್ಲಿ ನಮ್ಮ ಬೆಟ್ಟ ಹೆಂಗಿರುತ್ತೋ ಹಂಗೇ.

ಆಫೀಸಲ್ಲಿ ಒಬ್ರು ಹೇಳಿದ್ರು, ಅಲ್ಲಿ ಒಂದು ಜಾಗ ಇದೆ ನೋಡು ಅಂತ. ಹೊಳೆ ಪಕ್ಕದ ದಾರಿಲಿ ಐದು ಕಿಲೋಮೀಟರ್ ನಡೆದ್ರೆ ಬೇರಿನ ಮೇಲೆ ಎದ್ದು ನಿಂತಿರೋ ಒಂದು ಮರ ಸಿಗುತ್ತೆ, ಬೇರಿನ ನಡುವೆ ಬಾಗಿಲ ಥರ ಸಂದು, ಅದರೊಳಗೆ ದಾಟಿ ಸ್ವಲ್ಪ ಮುಂದೆ ಹೋದ್ರೆ ಬಿದ್ದ ಮರದ ಮೇಲೆ, ಪಾಚಿ ನಡುವೆ, ಒಂದು ಪುಟ್ಟ ಕೆಂಪು ಕಲ್ಲು. ಗಾರ್ಡನ್ ಹೆಂಪ್ಟನ್ ಅಂತ ಕಾಡಿನ ಶಬ್ದ ರೆಕಾರ್ಡ್ ಮಾಡೋರು 2005ರ ಏಪ್ರಿಲ್ 22ಕ್ಕೆ ಗುರುತಿಗೆ ಇಟ್ಟಿದ್ದು, ಕಲ್ಲು ಕೊಟ್ಟಿದ್ದು ಇಲ್ಲಿನ ಮೂಲನಿವಾಸಿ ಕ್ವಿಲಿಯೂಟ್ ಜನರ ಹಿರಿಯರೊಬ್ರು. ಒಂದು ಚದರ ಇಂಚಿನ ಮೌನ ಅಂತ ಕರೀತಾರೆ. ಆ ಒಂದಿಂಚಲ್ಲಿ ಮನುಷ್ಯರ ಸದ್ದು ಬೀಳದ ಹಾಗೆ ಕಾದ್ರೆ ಸುತ್ತ ಮೈಲಿಗಟ್ಟಲೆ ಕಾಡು ತಾನಾಗೇ ಶಾಂತವಾಗಿರುತ್ತೆ ಅನ್ನೋದು ಹೆಂಪ್ಟನ್ ಲೆಕ್ಕ.

ಆ ಕೆಂಪು ಕಲ್ಲು ಕಂಡಿದ್ದೇ ನಂಗೆ ಮೈಯೆಲ್ಲ ಜುಮ್ಮಂತು. ಆಯಿ, ಅದು ನಮ್ಮ ಬೆಟ್ಟದ ದೇವಿ ಚೌಡಿನೇ! ರಂಜಲು ಮರದ ಬುಡದಲ್ಲಿ ಅದೇ ಥರ ಕುಂಕುಮ ಹತ್ತಿ ಹತ್ತಿ ಕೆಂಪಾದ ಕಲ್ಲು, ಪಕ್ಕದಲ್ಲಿ ಒಡೆದ ಕಾಯಿ ಚಿಪ್ಪು, ಮೇಲಿಂದ ತಾನಾಗೇ ಉದುರೋ ಹೂವು. ಒಣಗಿದ ಎಲೆ, ದರಕು ತರಕ್ಕೆ ಹೋಗ್ವಾಗ ಅಲ್ಲಿ ನಾನು ಕೂಗಾಡಿದ್ರೆ ನೀನು ಬಾಯಿಗೆ ಕೈ ಇಡ್ತಿದ್ದೆ, ಸುಮ್ನಿರು, ಚೌಡಿ ಕೇಳ್ತಿರ್ತಾಳೆ ಅಂತ. ಅವಳಿಗೆ ಸಿಟ್ಟು ಬರುತ್ತೆ ಅಂತ ನಾನು ತಿಳ್ಕೊಂಡಿದ್ದೆ.

ಅಲ್ಲೇ ಕೂತೆ. ಮೊದಲು ಏನೂ ಕೇಳ್ಸಲ್ಲ, ನನ್ನ ಜಾಕೆಟ್ ಸರಸರ ಅನ್ನೋದು ಬಿಟ್ರೆ. ಆಮೇಲೆ ದೂರದಲ್ಲಿ ಹೊಳೆ, ಆಮೇಲೆ ಹನಿ, ಪಾಚಿ ಮೇಲೆ ಬಿದ್ದಿದ್ದಕ್ಕೂ ಎಲೆ ಮೇಲೆ ಬಿದ್ದಿದ್ದಕ್ಕೂ ಬೇರೆ ಬೇರೆ ಸದ್ದು ಗೊತ್ತಾ. ನಡುವೆ ಒಂದು ವಿಮಾನ ಹೋಯ್ತು, ಅದರ ಗುಂಯ್ ಅನ್ನೋದು ಮುಗಿಯಕ್ಕೆ ಎಷ್ಟೊತ್ತು ಬೇಕಾಯ್ತೋ, ನಂಗೆ ಹೊಟ್ಟೇಲಿ ಸಂಕಟ ಆದಂಗಾಯ್ತು. ಅದು ಹೋದ್ಮೇಲೆ ಮತ್ತೆ ಹನಿ. ಆಗ ಅನ್ನಿಸ್ತು, ಕೇಳ್ತಾ ಇರೋದು ನಾನೊಬ್ಬಳೇ ಅಲ್ಲ, ಇಡೀ ಜಾಗ ನನ್ನನ್ನ ಕೇಳಿಸ್ಕೊಳ್ತಾ ಇದೆ. ನೀನು ಹೇಳ್ತಿದ್ದಿದ್ದು ಇದೇನಾ ಆಯಿ? ಅಜ್ಜ ಹೋದ್ಮೇಲೆ ನಾನು ಇಲ್ಲಿ ದೀಪ ಹಚ್ಚಿಲ್ಲ, ನಿಂಗೆ ಹೇಳಿರ್ಲಿಲ್ಲ. ಟಿಕೆಟ್ ಸಿಗದೆ ವಿಡಿಯೋ ಕಾಲಲ್ಲಿ ಅಜ್ಜನ ಮುಖ ನೋಡಿದ್ದು, ಆವತ್ತಿಂದ ದೇವರ ಹತ್ರ ಮಾತು ಬಿಟ್ಟಿದ್ದೆ. ಆ ಕಲ್ಲಿನ ಮುಂದೆ ಕೈ ತಾನಾಗೇ ಜೋಡಿಸ್ತು.

ವಾಪಸ್ ಬರ್ತಾ ಇನ್ನೊಂದು ನೋಡಿದೆ. ಅಲ್ಲಿ ನೆಲದಲ್ಲಿ ಪಾಚಿ, ಜರಿಗಿಡ ಎಷ್ಟು ದಟ್ಟ ಅಂದ್ರೆ ಬೀಜ ಬಿದ್ರೂ ಸಸಿ ಏಳೋದು ಕಷ್ಟ, ಬಿದ್ದು ಕೊಳೀತಿರೋ ದೊಡ್ಡ ಮರದ ಬೆನ್ನ ಮೇಲೆ ಬಿದ್ದ ಬೀಜನೇ ಹೆಚ್ಚಾಗಿ ಬದುಕ್ಕೊಳ್ಳುತ್ತೆ. ನರ್ಸ್ ಲಾಗ್ ಅಂತಾರೆ, ಸಾಕಿದ ಮರ ಅನ್ನು. ನೂರಾರು ವರ್ಷ ಆದ್ಮೇಲೆ ಅದು ಪೂರ್ತಿ ಮಣ್ಣಾಗಿ ಹೋಗುತ್ತೆ, ಅದರ ಮೇಲೆ ಹುಟ್ಟಿದ ಸ್ಪ್ರೂಸು, ಹೆಮ್ಲಾಕು ಎಲ್ಲ ಒಂದೇ ಸಾಲಲ್ಲಿ, ದೇವಸ್ಥಾನದ ಕಂಬದ ಹಾಗೆ. ಒಂದು ಮರದ ಬೇರಿನ ಕೆಳಗೆ ಕೈ ಹಾಕಿದೆ, ಖಾಲಿ, ತಣ್ಣಗೆ, ಹಳೇ ಮರ ಇದ್ದಷ್ಟೇ ದಪ್ಪದ ಜಾಗ, ಬೇರು ಇನ್ನೂ ಆ ಜಾಗನ ಅಪ್ಕೊಂಡೇ ಇದೆ. ಅಲ್ಲೇ ಅತ್ತುಬಿಟ್ಟೆ, ಅಜ್ಜ ಅಂತ ಜೋರಾಗಿ ಕರ್ದೆ.

ಅಪ್ಪ, ಈಗ ನಿಂಗೆ. ಚೌಡಿಗೆ ಆರ್‌ಸಿಸಿ ಗುಡಿ ಮಾಡ್ಬೇಕು, ಟೈಲ್ಸ್ ಹಾಕ್ಬೇಕು, ರಂಜಲು ಮರ ಅಡ್ಡ ಬರುತ್ತೆ ಅಂತ ಊರಲ್ಲಿ ಮಾತಾಡ್ತಿದಾರೆ ಅಂದ್ಯಲ್ಲ. ದಯವಿಟ್ಟು ಬೇಡ. ಅವರದ್ದೂ ಭಕ್ತಿನೇ, ನಂಗೆ ಗೊತ್ತು, ಆದ್ರೆ ಹೊಳೆ ಬಂಡೆ ಮೇಲಿರೋ ಸಹಸ್ರಲಿಂಗಕ್ಕೆ ಯಾರಾದ್ರೂ ಮಾಡು ಕಟ್ಟಿದಾರಾ, ಮಳೆಗಾಲ ಪೂರ್ತಿ ಶಾಲ್ಮಲೆ ಹೊಳೆನೇ ಅಭಿಷೇಕ ಮಾಡ್ತಾಳೆ. 1983ರಲ್ಲಿ ಸಾಲ್ಕಣಿ ಊರೋರು ಕಾಡು ಕಡಿಯೋದನ್ನ ತಡೆಯಕ್ಕೆ ಮರ ಅಪ್ಕೊಂಡು ನಿಂತಿದ್ದನ್ನ ನೀನೇ ನಂಗೆ ಎಷ್ಟು ಸಲ ಹೇಳಿದೀಯ. ಮೀಟಿಂಗಲ್ಲಿ ಒಂದು ಮಾತು ಎತ್ತು. ನನ್ನ ಪಾಲಿನ ದುಡ್ಡು ಕಳಿಸ್ತೀನಿ, ದಣಪೆ, ಬೇಲಿ ಸರಿ ಮಾಡಿಸಕ್ಕೆ.

ತಂಗಿಗೆ ಒಂದು ಕೆಲಸ. ಬೆಳಗ್ಗೆ ಬೇಗ ಫೋನ್ ತಗೊಂಡು ಚೌಡಿ ಹತ್ರ ಹೋಗಿ, ಹತ್ತು ನಿಮಿಷ ರೆಕಾರ್ಡ್ ಮಾಡಿ ಕಳ್ಸು. ವಿಡಿಯೋ ಬೇಡ, ಸದ್ದು ಸಾಕು. ನೀನು ಮಾತಾಡ್ಬೇಡ.

ಇಂತಿ ನಿಮ್ಮ,
ಮಗಳು